ಲೈನ್ ಮನೆಯ ವಿಳಾಸ

“ಸ್ವಲ್ಪ ಮೇಲೆ,” ಎಂದ ಖಲೀಲ್. “ಫೋಟೋದಲ್ಲಿ ಡಬ್ಬ ಪೂರ್ತಿ ಕಾಣ್ಬೇಕು.”

ಅವನ ಕೆಲಸದ ಹುಡುಗ ಬಾಲರಾಜ್ ಮೊಳೆ ಕಿತ್ತು ಒಂದು ಗೇಣು ಮೇಲೆ ಹೊಡೆದ. ಬಾಳೂರಿನ ಎಸ್ಟೇಟ್ ಲೈನಿನ, ಅಂದರೆ ತೋಟದ ಕೂಲಿಯವರ ಸಾಲುಮನೆಯ, ಗೋಡೆಯಿಂದ ಸುಣ್ಣ ಉದುರಿತು. ಆ ಇಂಟರ್ನೆಟ್ ಡಬ್ಬಕ್ಕೆ ಬರಬೇಕಿದ್ದ ಕೇಬಲ್ ದೂರದ ಕೊಟ್ಟಿಗೆಹಾರದಲ್ಲೇ ಮುಗಿದಿತ್ತು.

ಇಂಜಿನಿಯರಿಂಗ್ ಓದಿದ ಖಲೀಲ್ ಮೂಡಿಗೆರೆಯಲ್ಲಿ ಸಣ್ಣದೊಂದು ಇಂಟರ್ನೆಟ್ ಕಂಪನಿ ನಡೆಸುತ್ತಿದ್ದ. ಅವನ ಬಳಿಯಿದ್ದ ಐಪಿ ವಿಳಾಸಗಳು, ಅಂದರೆ ಇಂಟರ್ನೆಟ್ಟಿನಲ್ಲಿ ಒಂದೊಂದು ಮನೆಯನ್ನು ಗುರುತಿಸುವ ನಂಬರುಗಳು, ಸಾಲುತ್ತಿರಲಿಲ್ಲ. ನೂರಾರು ಮನೆಗಳು ಒಂದೇ ವಿಳಾಸ ಹಂಚಿಕೊಂಡಿದ್ದವು. ಇದರಿಂದ ಪೇಟೆಗೆ ಹೋದರೆ ಮನೆಯ ಕ್ಯಾಮೆರಾ ಫೋನಿನಲ್ಲಿ ಕಾಣುವುದಿಲ್ಲ ಎಂದು ಹೋಂಸ್ಟೇಯವರು ಬೈಯುತ್ತಿದ್ದರು. ಹೊಸ ವಿಳಾಸ ಬೇಕೆಂದರೆ ಯಾರಿಗಾಗಿ ಎಂದು ತೋರಿಸಬೇಕು. ಇರುವ ಗಿರಾಕಿಗಳು ಸಾಲದೆ ಅವನು ಅರ್ಜಿಯಲ್ಲಿ ಬಾಳೂರಿನ ಲೈನ್ ಮನೆಗಳನ್ನೂ ಸೇರಿಸಿದ್ದ. ಬಾಗಿಲಿಗೆ ನಂಬರೂ ಇಲ್ಲದ ಮನೆಗಳು. ಮುಂದೊಂದು ದಿನ ಸಂಪರ್ಕ ಕೊಡುವುದೇ ತಾನೆ ಅಂದುಕೊಂಡಿದ್ದರಿಂದ ಆಗ ಅದು ಸುಳ್ಳು ಅನಿಸಿರಲಿಲ್ಲ. ವಿಳಾಸ ಹಂಚುವ ಕಚೇರಿಯವರು ಇವತ್ತು ಬೆಳಿಗ್ಗೆ ಬಹಳ ವಿನಯದಿಂದ ಕೇಳಿದ್ದರು: ಅಲ್ಲಿ ಉಪಕರಣ ಕೂರಿಸಿದ ಫೋಟೋ ಕಳಿಸಬಹುದೇ?

ಮನೆಯಾಕೆ ಮುತ್ತಮ್ಮ ಲೋಟದಲ್ಲಿ ಕಾಫಿ ತಂದಳು.

“ನಮ್ಮನೆಗೇ ಮೊದ್ಲು ಹಾಕಿದ್ರಲ್ಲ ಸಾರ್.”

“ಹೂಂ.”

“ಇನ್ಮೇಲೆ ಇಲ್ಲಿಂದ್ಲೇ ಫೋನ್ ಹೋಗ್ತದಾ?”

ಖಲೀಲ್ ಆರಿದ ಕಾಫಿಯನ್ನೇ ಊದಿದ.

“ಹೋದ ಮಳೇಲಿ ನಮ್ಮೋರಿಗೆ ಎದೆನೋವು ಬಂತು. ಜೀಪಿಗೆ ಫೋನ್ ಮಾಡಕ್ಕೆ ಗುಡ್ಡ ಹತ್ಬೇಕಾಯ್ತು. ಇಳ್ದು ಬರೋದ್ರೊಳಗೆ…” ಮುತ್ತಮ್ಮ ಸೆರಗಿನಿಂದ ಡಬ್ಬದ ಮೇಲಿನ ಸುಣ್ಣದ ಪುಡಿ ಒರೆಸಿದಳು. “ಇನ್ಯಾರಿಗೂ ಹಂಗಾಗೂದಿಲ್ಲ, ಅಲ್ವಾ?”

“ಸ್ವಲ್ಪ ದಿನ ಹಿಡಿತದೆ.”

ಬಾಲರಾಜ್ ಅವನ ಮುಖ ನೋಡಲಿಲ್ಲ. ಕರೆಂಟಿನ ವೈರು ಚುಚ್ಚಿದ. ಹಸಿರು ದೀಪ ಹತ್ತಿತು. ಕರೆಂಟ್ ಇದ್ದರೆ ಸಾಕು, ಅದು ಹತ್ತುತ್ತದೆ.

ಮುತ್ತಮ್ಮ ಒಳಗೆ ಓಡಿಹೋಗಿ, ತಲೆ ಬಾಚಿಕೊಂಡು ಬಂದು ಡಬ್ಬದ ಪಕ್ಕ ನೆಟ್ಟಗೆ ನಿಂತಳು.

“ನೀವು ಬೇಡ. ಡಬ್ಬ ಸಾಕು.”

ಅವಳು ನಗುತ್ತಲೇ ಸರಿದಳು. ಫೋಟೋ ಚೆನ್ನಾಗಿ ಬಂತು. ಅಷ್ಟು ಚೆನ್ನಾಗಿ ಬರಬಾರದಿತ್ತು.

ಜೀಪು ಏರು ಹತ್ತತೊಡಗಿತು. “ಆಯಮ್ಮಂಗೆ ಹೇಳ್ಬಿಡಾಣ ಅಣ್ಣ,” ಎಂದ ಬಾಲರಾಜ್.

“ಏನಂತ ಹೇಳೋದು ಮಾರಾಯ?”

“ಕೇಬಲ್ ಬಂದಿಲ್ಲ ಅಂತ.”

“ನೀ ನಡಿ.”

ಗುಡ್ಡದ ತಿರುವಿನಲ್ಲಿ ಸಿಗ್ನಲ್ ಸಿಕ್ಕಿತು. ಮುತ್ತಮ್ಮ ಅವತ್ತು ಹತ್ತಿ ಬಂದದ್ದು ಇಲ್ಲಿಗೇ ಇರಬೇಕು. ಬೇಡ ಅಂದುಕೊಳ್ಳುತ್ತಿರುವಾಗಲೇ ಬೆರಳು ಒತ್ತಿತ್ತು, ಫೋಟೋ ಕಚೇರಿಗೆ ಹೋಗಿಬಿಟ್ಟಿತು.

“ನಿಲ್ಸು,” ಎಂದ ಖಲೀಲ್. ಜೀಪು ನಿಂತಿತು. ಇಳಿಯದೆ, ಕೂತಲ್ಲಿಂದಲೇ ಹಿಂದಕ್ಕೆ ತಿರುಗಿ ನೋಡಿದ.

ಕೆಳಗೆ, ತೋಟದಿಂದ ಬಂದ ಹೆಂಗಸರು ಮುತ್ತಮ್ಮನ ಅಂಗಳದಲ್ಲಿ ಸೇರಿದ್ದರು. ಒಬ್ಬೊಬ್ಬರೂ ತಮ್ಮ ಫೋನನ್ನು ಗೋಡೆಯ ಡಬ್ಬದ ಕಡೆ ಎತ್ತಿ ಹಿಡಿದು, ಸಿಗ್ನಲ್ಲಿಗಾಗಿ ಕಾಯುತ್ತ ನಿಂತಿದ್ದರು.