ಅಸಲಿ ಲಾಯರಮ್ಮ

ಲಾಯರಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ. ಈ ಸುದ್ದಿಯನ್ನು ಬೇರೆಯವರು ಹಬ್ಬಿಸಬೇಕಾಗಿಲ್ಲ, ಅವರ ಯಜಮಾನರೇ ಊರೆಲ್ಲ ಹೇಳಿಕೊಂಡು ಓಡಾಡುತ್ತಾರೆ. ಆದರೆ ಮನೆಯ ಕಾಗದಪತ್ರ ನೋಡುವುದರಲ್ಲಿ ಆಕೆಯನ್ನು ಮೀರಿಸುವವರಿಲ್ಲ. ಈ ಮನೆ ಮಾರುವವನದ್ದೇ ಹೌದು ಎಂದು ಆಕೆ ಬರೆದು ಸಹಿ ಹಾಕಿದರೆ ಬ್ಯಾಂಕಿನವರು ಕಣ್ಣು ಮುಚ್ಚಿಕೊಂಡು ಸಾಲ ಕೊಡುತ್ತಿದ್ದರು. ಈಚೆಗೆ ಬ್ಯಾಂಕಿಗೆ ಕಣ್ಣು ಬಂದಿತ್ತು. ವಕೀಲರು, ಬೆಲೆ ಕಟ್ಟುವವರು, ದಲ್ಲಾಳಿಗಳು ಎಲ್ಲರೂ ತಾವು ತಾವೇ ಎಂದು ರುಜುವಾತು ಮಾಡಬೇಕಿತ್ತು.

ಆ ಬೆಳಿಗ್ಗೆ ಟೀ ಲೋಟ ಬಾಯಿಗಿಡುವ ಹೊತ್ತಿಗೆ ಫೋನು ಬಂತು.

"ಮೇಡಂ, ಬ್ಯಾಂಕಿನ ಪರಿಶೀಲನಾ ವಿಭಾಗದಿಂದ ಮಾತಾಡ್ತಿದೀನಿ. ನಿಮ್ಮ ಹುಟ್ಟಿದ ತಾರೀಖು ಹೇಳ್ತೀರಾ?"

"ಯಾಕೆ, ಹುಟ್ಟುಹಬ್ಬಕ್ಕೆ ಉಡುಗೊರೆ ಕಳಿಸ್ತೀಯಾ? ಮೊದ್ಲು ನೀನು ಯಾರು ಅಂತ ರುಜುವಾತು ಮಾಡು. ಇಂಥ ಕಳ್ಳ ಫೋನಿಗೆ ಬಾಯಿ ಬಿಡ್ಬೇಡಿ ಅಂತ ನಾನೇ ಜನಕ್ಕೆ ಬುದ್ಧಿ ಹೇಳ್ತೀನಿ. ನನ್ನ ಹತ್ರಾನೇ ನಿನ್ನ ಆಟನಾ?"

ಫೋನು ಕುಕ್ಕಿದರು. ಮತ್ತೆ ಬಂತು, ಮತ್ತೆ ಬೈದರು. ಈ ಸಲ ಬೈಗುಳ ಮುಗಿಯುವವರೆಗೂ ಆ ಕಡೆಯವಳು ಕಾದಳು.

"ಫೋನಲ್ಲಿ ಏನೂ ಹೇಳ್ಬೇಡಿ ಮೇಡಂ. ಬ್ಯಾಂಕಿಗೇ ಬಂದ್ಬಿಡಿ. ದಯವಿಟ್ಟು ಮಧ್ಯಾಹ್ನದೊಳಗೆ." ಅಷ್ಟು ಬೈಸಿಕೊಂಡವಳ ದನಿಯಲ್ಲಿ ಸಂತೋಷ ಇದ್ದದ್ದು ಲಾಯರಮ್ಮನಿಗೆ ವಿಚಿತ್ರವೆನಿಸಿತು.

"ಹೋಗಿ ಬಾ," ಎಂದರು ಯಜಮಾನರು ಪೇಪರಿನಿಂದ ತಲೆ ಎತ್ತದೆ. "ನೀನು ನೀನೇ ಅನ್ನೋದಕ್ಕೆ ಸಾಕ್ಷಿ ಬೇಕಾಗಲ್ಲ. ಐದು ನಿಮಿಷ ಎದುರಿಗೆ ಕೂತ್ರೆ ಅವರಿಗೇ ಗೊತ್ತಾಗತ್ತೆ."

ಲಾಯರಮ್ಮ ಬುಸುಗುಡುತ್ತಲೇ ಬ್ಯಾಂಕಿಗೆ ಬಂದರು. ಮಂಜುಗಾಜಿನ ಗೋಡೆಯ ಚಿಕ್ಕ ಕೋಣೆ, ಎರಡು ಕುರ್ಚಿ, ಮೇಜಿನ ಮೇಲೊಂದು ಕ್ಯಾಮೆರಾ. ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡಿದ್ದ ಪರಿಶೀಲನೆಯ ಹುಡುಗಿ ಅವರ ಗುರುತಿನ ಚೀಟಿ ಇಸಿದುಕೊಂಡಳು. ವಕೀಲರ ಸಂಘದಿಂದ ತರಿಸಿದ್ದ ಫೋಟೋ ನೋಡಿದಳು, ಮುಖ ನೋಡಿದಳು, ಉಸಿರು ಬಿಟ್ಟಳು.

"ನಿನ್ನೆ ನಿಮ್ಮ ಹೆಸರಲ್ಲಿ ಇನ್ನೊಬ್ಬರು ಬಂದಿದ್ರು ಮೇಡಂ."

ಕಂಪ್ಯೂಟರಿನ ಪರದೆಯನ್ನು ಈಚೆ ತಿರುಗಿಸಿದಳು. ನಗುಮುಖದ ಯಾರೋ ಹೆಂಗಸು. ಕೆಳಗೆ ಲಾಯರಮ್ಮನ ಹೆಸರು, ಲಾಯರಮ್ಮನ ಮೊಹರು. ಯಾರದೋ ಮನೆಯನ್ನು ಇನ್ಯಾರೋ ಮಾರುತ್ತಿದ್ದರು, ಕಾಗದವೆಲ್ಲ ಸರಿಯಿದೆಯೆಂದು ಈ ನಗುಮುಖ ಸಹಿ ಹಾಕಿತ್ತು. ಇವತ್ತು ಮಧ್ಯಾಹ್ನವೇ ಸಾಲದ ಹಣ ಕೈ ಬದಲಾಗಬೇಕಿತ್ತು.

ಲಾಯರಮ್ಮ ಪರದೆಗೆ ಬಗ್ಗಿ ಆ ಮೊಹರನ್ನೇ ನೋಡಿದರು. ಆ ಹಣ ಹೋಗಿದ್ದರೆ ನಾಳೆ ಪೊಲೀಸರು ಬಂದು ನಿಲ್ಲುತ್ತಿದ್ದದ್ದು ಅವರದೇ ಬಾಗಿಲಿಗೆ. ಮೂವತ್ತು ವರ್ಷ ಕಾಪಾಡಿಕೊಂಡ ಹೆಸರು ಒಂದೇ ದಿನಕ್ಕೆ ಮಣ್ಣುಪಾಲಾಗುತ್ತಿತ್ತು.

"ಹೇಗಮ್ಮ ಗೊತ್ತಾಯ್ತು ನಿಂಗೆ?"

"ಅವರು ತುಂಬಾ ಒಳ್ಳೆಯವರಾಗಿದ್ರು," ಎಂದಳು ಹುಡುಗಿ ಸಂಕೋಚದಿಂದ. "ಕೇಳಿದ್ದಕ್ಕೆಲ್ಲ ನಗ್ತಾ ಉತ್ತರ ಕೊಟ್ರು. ಎಷ್ಟು ಕಾಯಿಸಿದ್ರೂ ಬೇಜಾರಿಲ್ಲ. ಹಳೇ ಲಾಯರುಗಳನ್ನ ನೀವ್ಯಾರು ಅಂತ ಕೇಳಿ ನೋಡಿ, ಮೈಮೇಲೇ ಬೀಳ್ತಾರೆ. ಇವರು ಥ್ಯಾಂಕ್ಸ್ ಹೇಳಿ ಹೋದ್ರು! ಮನಸ್ಸು ಕೊರೀತಾನೇ ಇತ್ತು. ಅವರು ಕೊಟ್ಟ ನಂಬರ್ ಬಿಟ್ಟು, ಸಂಘದಲ್ಲಿ ಕೇಳಿ ನಿಮಗೆ ಫೋನ್ ಮಾಡಿದೆ. ನೀವು ಬೈದ್ರಲ್ಲ, ಹೋದ ಜೀವ ಬಂದಂಗಾಯ್ತು."

ಲಾಯರಮ್ಮನಿಗೆ ನಗು ಬಂತು, ಅದರ ಹಿಂದೆಯೇ ಕಣ್ಣೂ ತುಂಬಿತು.

ಪೊಲೀಸರಿಗೆ ಹೇಳಿಯಾಗಿತ್ತು. ಉಳಿದವರೆಂದರೆ ಹೊರಗೆ ಬೆಂಚಿನ ಮೇಲೆ ಕೂತಿದ್ದ, ಆ ಮನೆ ಕೊಳ್ಳಬೇಕಿದ್ದ ಗಂಡ ಹೆಂಡತಿ. ಗಂಡ ಬಸ್ ಡ್ರೈವರ್, ಹೆಂಡತಿ ಬಟ್ಟೆ ಹೊಲಿಯುವವಳು. ಅವರಿಗೆ ನಾನೇ ಹೇಳುತ್ತೇನೆಂದು ಲಾಯರಮ್ಮ ಹೊರಗೆ ಬಂದು, ಸುತ್ತಿ ಬಳಸದೆ ಎಲ್ಲ ಹೇಳಿದರು. ಗಂಡ ತಲೆಯ ಮೇಲೆ ಕೈ ಹೊತ್ತು ಕೂತ. ಹೆಂಡತಿ ಎದ್ದು ನಿಂತಳು.

"ತಪ್ಪು ತಿಳ್ಕೋಬೇಡಿ. ನೀವೇ ಅಸಲಿ ಅಂತ ನಾವು ಹೇಗೆ ನಂಬೋದು?"

ಹುಡುಗಿ ಗಾಬರಿಯಿಂದ ಲಾಯರಮ್ಮನ ಮುಖ ನೋಡಿದಳು. ಲಾಯರಮ್ಮ ಸಿಡುಕದೆ ಗುರುತಿನ ಚೀಟಿ ತೆಗೆದು ಅವಳ ಕೈಗಿಟ್ಟರು. "ಸರಿಯಾಗಿ ನೋಡಮ್ಮ. ಬೆಳಕಿಗೆ ಹಿಡಿದು ನೋಡು."

ಅವಳು ಫೋಟೋ ನೋಡಿದಳು, ಮುಖ ನೋಡಿದಳು, ಮತ್ತೆ ಫೋಟೋ ನೋಡಿದಳು. ಆಮೇಲೆ ಅಳು ತಡೆಯಲಾಗಲಿಲ್ಲ.

"ಆ ಮನೆ ಬಗ್ಗೆ ನಂಗೆ ಮೊದ್ಲಿಂದಲೂ ಅನುಮಾನ ಇತ್ತು ಮೇಡಂ. ಬೇಡ ಬೇಡ ಅಂತ ಇವರ ಹತ್ರ ಜಗಳ ಆಡಿದ್ದೆ. ಕಾಗದದಲ್ಲಿ ನಿಮ್ಮ ಹೆಸರು ನೋಡಿದ್ಮೇಲೇ ಒಪ್ಪಿದ್ದು. ನಮ್ಮತ್ತೆ ಮನೆ ಕಾಗದ ನೋಡಿದ್ದು ನೀವೇ. ಅವರು ಇವತ್ತಿಗೂ ಆ ಮನೇಲಿ ನೆಮ್ಮದಿಯಾಗಿ ಮಲಗ್ತಾರೆ."

ಲಾಯರಮ್ಮ ಅವಳನ್ನು ಬೆಂಚಿನ ಮೇಲೆ ಕೂರಿಸಿದರು. ತನ್ನ ಹೆಸರನ್ನು ನಂಬಿಕೊಂಡು ಯಾರ್ಯಾರೋ ಯಾವ್ಯಾವ ಮನೆಯಲ್ಲೋ ನಿದ್ದೆ ಮಾಡುತ್ತಿದ್ದಾರೆ ಎಂದು ಆಕೆಗೆ ಇಷ್ಟು ವರ್ಷ ಹೊಳೆದೇ ಇರಲಿಲ್ಲ. ಅಂಥ ಹೆಸರನ್ನು ಮುಖ ಪರಿಚಯವೂ ಇಲ್ಲದ ಒಬ್ಬಳು ಬೈಗುಳ ನುಂಗಿಕೊಂಡು ಕಾದಿದ್ದಳು.

ಹುಡುಗಿಯ ಎರಡೂ ಕೈ ಹಿಡಿದುಕೊಂಡರು. "ಇವರನ್ನ ಮೋಸದಿಂದ ಉಳಿಸಿದೆ, ಅದು ನಿನ್ನ ಕೆಲಸ. ನನ್ನನ್ನೂ ಉಳಿಸಿದ್ಯಲ್ಲ ತಾಯಿ, ನಿನ್ನ ಋಣ ಹೇಗೆ ತೀರಿಸ್ಲಿ?"

ಹುಡುಗಿ ನಾಚಿ ನಕ್ಕಳು. ಲಾಯರಮ್ಮ ಬಹಳ ಹೊತ್ತು ಕೈ ಬಿಡಲಿಲ್ಲ.