ಅಂಜಿನಮ್ಮನ ಖಾಲಿ ಬಾಯಿ

"ಬಾಯಿ ತೆಗಿ ಅಜ್ಜಿ. ಕಚ್ಚಬೇಡ."

"ಕಚ್ಚಾಕೆ ಏನೈತೆ ಅಂತ ಹೇಳ್ತೀಯಾ? ಇನ್ನೂ ಒಳಕ್ಕೆ ಹಾಕು, ಹೆದರ್ಕೋಬ್ಯಾಡ."

ಹತ್ತಿ ಸುತ್ತಿದ ಕಡ್ಡಿ ಅಂಜಿನಮ್ಮನ ವಸಡಿನ ಮೇಲೆ ಆ ತುದಿಯಿಂದ ಈ ತುದಿಗೆ ಓಡಾಡಿ ಬಂತು. ಕಡ್ಡಿ ಹಿಡಿದವಳು ಮೊಮ್ಮಗಳು ಸಿಂಚನ, ದಿನಾ ಬಸ್ಸು ಹತ್ತಿ ಹೋಗಿ ಹಲ್ಲಿನ ಡಾಕ್ಟರಿಕೆ ಓದುವ ಹುಡುಗಿ. ಇದು ಎರಡನೇ ಸಲ. ಮೊದಲ ಸಲ, ಯಾರೋ ಸಾಹೇಬರು ಮನೆ ನೋಡಲು ಬರುತ್ತಾರೆಂಬಂತೆ ಅಂಜಿನಮ್ಮ ಉಪ್ಪು, ಇದ್ದಿಲು ಹಾಕಿ ವಸಡು ತಿಕ್ಕಿ ತೊಳೆದು ಕೂತಿದ್ದಳು. "ಅಯ್ಯೋ, ಇರೋದು ಇದ್ದಂಗೇ ಬೇಕಿತ್ತು ಕಣಜ್ಜಿ!" ಎಂದು ಸಿಂಚನ ತಲೆ ಚಚ್ಚಿಕೊಂಡಿದ್ದಳು.

ಇಷ್ಟಕ್ಕೆಲ್ಲ ಕಾರಣ ಒಂದು ಬಟ್ಟಲು ರಾಗಿ ಸರಿ. ಅಂಜಿನಮ್ಮ ಬಿಸಿ ಎಷ್ಟಿದೆಯೆಂದು ತುಟಿಗೆ ಮುಟ್ಟಿಸಿ ನೋಡಿ, ಅದೇ ಚಮಚದಲ್ಲಿ ಮರಿಮಗನಿಗೆ ತಿನ್ನಿಸುತ್ತಿದ್ದಾಗ ಮೊಮ್ಮಗನ ಹೆಂಡತಿ ಚಂದನ ನೋಡಿಬಿಟ್ಟಳು. ದೊಡ್ಡವರ ಬಾಯಿಂದ ವಸಡುರೋಗದ ಕ್ರಿಮಿ ಮಗುವಿಗೆ ಹತ್ತುತ್ತದೆಂದು ಅವಳು ಮೊಬೈಲಿನಲ್ಲಿ ನೋಡಿದ್ದಳು. ಅಂದಿನಿಂದ ಚಮಚವೂ ಇಲ್ಲ, ಮುತ್ತೂ ಇಲ್ಲ. ಮಗು ಅಂಗಳದ ಆ ಕಡೆಯಿಂದ ಕೈ ಚಾಚಿ ಕೇಕೆ ಹಾಕಿದರೆ ಅಂಜಿನಮ್ಮ ಈ ಕಡೆ ಕೈ ಕಟ್ಟಿಕೊಂಡು ಕೂರಬೇಕು.

"ಕಾಲೇಜಲ್ಲಿ ನೋಡಿ ಹೇಳ್ತೀನಿ, ಅಲ್ಲೀಗಂಟ ಜಗಳ ಆಡ್ಬೇಡಿ" ಎಂದ ಸಿಂಚನ ಮಗುವಿನ ಬಾಯಿಗೂ ಅದರ ತಾಯಿಯ ಬಾಯಿಗೂ ಕಡ್ಡಿ ಆಡಿಸಿ ಎಲ್ಲವನ್ನೂ ಕೊಂಡೊಯ್ದಳು.

ಮುಂದಿನ ಭಾನುವಾರ ಬಂದವಳು ಬಾಗಿಲಲ್ಲೇ ನಗುತ್ತಿದ್ದಳು.

"ಪಾಪುಗೆ ಇನ್ನೂ ಹಲ್ಲೇ ಬಂದಿಲ್ಲ, ಅವನ ಬಾಯಲ್ಲಿ ಆ ಕ್ರಿಮಿ ಕಾಣ್ಲೇ ಇಲ್ಲ. ಅಜ್ಜಿ ಬಾಯಲ್ಲಿ ಎಲ್ಲೋ ಒಂಚೂರು. ಅತ್ಗೆ, ನಿಮ್ ಬಾಯಲ್ಲಿ ಮಾತ್ರ ಸಂತೆ!"

ಚಂದನ ಬಾಯಿಗೆ ಕೈ ಅಡ್ಡ ಹಿಡಿದಳು. "ದಿನಾ ಎರಡ್ಸಲ ಬ್ರಷ್ ಮಾಡ್ತೀನಲ್ಲೇ!"

"ಆದ್ರೂ ಹಲ್ಲು, ವಸಡಿನ ಸಂದೀಲೇ ಅವುಗಳ ವಾಸ. ಹಲ್ಲು ಬಂದ್ಮೇಲೆ ಸೇರ್ಕೊಳ್ತವೆ, ವಯಸ್ಸಾದಂಗೆ ಹೆಚ್ಕೊಳ್ತವೆ, ಹಲ್ಲು ಹೋದ್ರೆ ಮುಕ್ಕಾಲು ಪಾಲು ಖಾಲಿ ಮಾಡ್ತವೆ. ನೀವೊಂದ್ಸಲ ಬಂದು ಕ್ಲೀನ್ ಮಾಡಿಸ್ಕೊಳ್ಳಿ."

ಏರ್‌ಪೋರ್ಟ್ ಕೆಲಸದ ಹುಡುಗರಿಗೆಂದು ಬೂದಿಗೆರೆಯಲ್ಲಿ ಸಾಲು ರೂಮು ಕಟ್ಟಿಸಿ ಬಾಡಿಗೆಗೆ ಬಿಟ್ಟವಳು ಅಂಜಿನಮ್ಮ. ಅವಳಿಗೆ ತಟ್ಟನೆ ಅರ್ಥವಾಯಿತು.

"ಅಂಗನ್ನು. ರೂಮೇ ಕೆಡವಿದ್ಮೇಲೆ ಬಾಡಿಗೆಯೋರು ಯಾಕಿರ್ತಾರೆ? ಒಬ್ರೋ ಇಬ್ರೋ ಜಗಲಿ ಮೇಲೆ ಬಿದ್ಕೊಂಡಿರ್ತಾರೆ, ಅಷ್ಟೇಯ. ಕೊಡಿಲ್ಲಿ ನಮ್ ದೊರೇನ!"

"ಕೆನ್ನೆಗೆ ಮುತ್ತು ಕೊಡಜ್ಜಿ. ಚಮಚ ಮಾತ್ರ ಬೇರೆ, ಬಾಯಲ್ಲಿ ಇನ್ನೂ ಏನೇನೋ ಕ್ರಿಮಿ ಇರ್ತವೆ. ಬಿಸಿ ನೋಡಕ್ಕೆ ಅಂಗೈ ಇಲ್ವಾ?"

"ಆಗ್ಲಿ ಬಿಡು."

ಮಗು ಮಡಿಲಿಗೆ ಬಂತು. ಹಲ್ಲಿಲ್ಲದ ಬಾಯಿಗಳೆರಡೂ ಒಂದನ್ನೊಂದು ನೋಡಿ ಅಗಲಕ್ಕೆ ನಕ್ಕವು.

ಚಂದನ ಹತ್ತಿರ ಬಂದು ಕೂತಳು. "ತಪ್ಪಾಯ್ತು ಅಜ್ಜಿ. ನಿಮಗೊಂದು ಹಲ್ಲಿನ ಸೆಟ್ ಕಟ್ಟಿಸ್ಕೊಡ್ತೀನಿ. ಚಕ್ಲಿ ಬೇಕಾದ್ರೂ ಕಡೀಬೋದು."

ಅಂಜಿನಮ್ಮ ಸಿಂಚನಳ ಕಡೆ ತಿರುಗಿದಳು. "ಕಟ್ಟಿಸ್ಕೊಂಡ್ರೆ ಆ ಕ್ರಿಮಿ ವಾಪಸ್ ಬತ್ತವಾ?"

"ಸೆಟ್ಟಿಗೂ ಕ್ರಿಮಿ ಅಂಟ್ಕೊಳ್ತವೆ. ದಿನಾ ತೆಗೆದು ತೊಳೆದ್ರೆ ಏನೂ ತೊಂದ್ರೆ ಇಲ್ಲಜ್ಜಿ."

ಅಡುಗೆಮನೆಯಿಂದ ಮುದ್ದೆಯ ಘಮ ಬರುತ್ತಿತ್ತು. ಮುದ್ದೆ ನುಂಗಲು ಹಲ್ಲು ಯಾರಿಗೆ ಬೇಕು? ಅಂಜಿನಮ್ಮ ಮಗುವಿನ ಕೆನ್ನೆಗೆ ಲೊಚಕ್ಕನೆ ಒಂದು ಮುತ್ತು ಕೊಟ್ಟಳು.

"ಬ್ಯಾಡ," ಅಂದಳು.