ಗೇಟಪ್ಪನನ್ನು ತಡೆದವನು

“ಇಳಿಸ್ರೋ ಕೆಳಗೆ! ಇಳಿಸಿ ಅಂದೆ!”

ಶವಪೆಟ್ಟಿಗೆಗೆ ಹೆಗಲು ಕೊಟ್ಟಿದ್ದ ನಾಲ್ವರೂ ಗಲ್ಲಿಯ ನಡುವೆ ನಿಂತುಬಿಟ್ಟರು. ಎದುರಿಗೆ, ಹಿಂದೆ ಮನೆಗಳಿಗೆ ಬಣ್ಣ ಬಳಿಯುತ್ತಿದ್ದ ಬಣ್ಣದವನು ಊರುಗೋಲನ್ನು ಅಡ್ಡ ಹಿಡಿದು ಗೋಡೆಗೊರಗಿದ್ದ. ಅವನ ಎಡಗಾಲಿನ ಪ್ಯಾಂಟು ಮೊಣಕಾಲಿನ ಹತ್ತಿರವೇ ಗಂಟು ಬಿದ್ದಿತ್ತು. ಆ ಕಾಲು ಹೋದದ್ದು ಈಗ ಪೆಟ್ಟಿಗೆಯಲ್ಲಿ ಮಲಗಿರುವ ಗೇಟಪ್ಪನ ವ್ಯಾನಿಗೆ ಸಿಕ್ಕಿ. ಪೆಟ್ಟಿಗೆಯ ಹಿಂದೆ ಬರುತ್ತಿದ್ದ ಗೇಟಪ್ಪನ ಮಗಳಿಗೆ ಗುರುತು ಹಿಡಿಯಲು ಅವನ ಮುಖ ನೋಡುವ ಅಗತ್ಯವೇ ಬೀಳಲಿಲ್ಲ.

“ದಾರಿ ಬಿಡಪ್ಪಾ, ಹೆಣದ ಮುಂದೆ ಜಗಳ ಯಾಕೆ?” ಎಂದರು ಪಕ್ಕದಲ್ಲಿ ನಡೆಯುತ್ತಿದ್ದ ಚಿಕ್ಕಪ್ಪ.

“ನಾನೂ ಅರ್ಧ ಹೆಣಾನೇ. ಕೋರ್ಟ್ ಹೇಳಿದ ದುಡ್ಡಲ್ಲಿ ಅರ್ಧಾನೂ ಕೈಗೆ ಬಂದಿಲ್ಲ. ಸತ್ತು ತಪ್ಪಿಸ್ಕೊಂಡ್ನಾ ನಿಮ್ಮ ಗೇಟಪ್ಪ?”

ಮುಂದೆ ಹೆಗಲು ಕೊಟ್ಟಿದ್ದ ಅಣ್ಣನ ಕತ್ತಿನ ನರ ಉಬ್ಬಿತು.

*

ಊರಿನ ಅರ್ಧ ಮನೆಗಳ ಗೇಟು ಅಪ್ಪ ಬೆಸೆದದ್ದು. ಅದಕ್ಕೇ ಗೇಟಪ್ಪ. “ಕಳ್ಳರು ದಿನಾ ನನಗೇ ಶಾಪ ಹಾಕೋದು” ಎಂದು ನಗುತ್ತಿದ್ದ. ವ್ಯಾನಿನ ವಿಮೆ ಮುಗಿದಿದೆ ಎಂದು ಮಗಳು ನೆನಪಿಸಿದಾಗಲೂ ನಕ್ಕ. “ನಾನೇನು ಕುಡಿದು ಓಡಿಸ್ತೀನಾ? ಆಮೇಲೆ ಕಟ್ಟಿದ್ರಾಯ್ತು ಬಿಡೇ.”

ಗೇಟೊಂದನ್ನು ತಲುಪಿಸಲು ಹೊರಟ ದಿನ ಅವಳು ಪಕ್ಕದ ಸೀಟಿನಲ್ಲಿದ್ದಳು. ತಿರುವಿನಲ್ಲಿ ಹಿಂದೆ ಗೇಟು ಜಾರಿದಂತಾಯಿತು; ಅಪ್ಪ ಕತ್ತು ಹೊರಳಿಸಿ ನೋಡಿದ. ಅಷ್ಟೇ. ಗೋಡೆಗೆ ಬಣ್ಣ ಬಳಿಯುತ್ತಿದ್ದವನ ಏಣಿ ಮುರಿದ ಸದ್ದು, ಅದರ ಬೆನ್ನಿಗೇ ಮೂಳೆ ಮುರಿದ ಸದ್ದು. ಬಂಪರಿಗೂ ಗೋಡೆಗೂ ನಡುವೆ ಸಿಕ್ಕಿದ ಬಣ್ಣದವನು ಪ್ರಾಣಿಯಂತೆ ಅರಚುತ್ತಿದ್ದ. ಡಬ್ಬದಿಂದ ಚೆಲ್ಲಿದ ನೀಲಿ, ರಕ್ತದ ಜೊತೆ ಚರಂಡಿಗೆ ಹರಿಯುತ್ತಿತ್ತು.

ವಿಮೆ ಇದ್ದಿದ್ದರೆ ಕಂಪನಿ ಕೊಡುತ್ತಿತ್ತು. ಇಲ್ಲದ್ದಕ್ಕೆ ಪರಿಹಾರವೆಲ್ಲ ಗೇಟಪ್ಪನ ತಲೆಗೇ ಬಂತು. ಲೈಸೆನ್ಸ್ ಹೋಯಿತು, ಜೈಲೂ ಆಯಿತು. ಹೊರಬರುವಷ್ಟರಲ್ಲಿ ಕೋರ್ಟಿನವರು ವರ್ಕ್‌ಶಾಪಿನ ಮೆಷಿನುಗಳನ್ನು ಜಪ್ತಿಗೆ ಎಳೆಯುತ್ತಿದ್ದರು. ಅಪ್ಪ ಸುತ್ತಿಗೆ ಹಿಡಿದು ಹಿತ್ತಲಿಗೆ ಹೋದವನೇ ವ್ಯಾನಿನ ಗಾಜು, ದೀಪ, ಬಾಗಿಲುಗಳನ್ನು ಅಂಗೈ ಒಡೆದು ರಕ್ತ ಬರುವ ತನಕ ಬಡಿದ. ತಡೆಯಲು ಹೋದ ಅಣ್ಣನ ಹುಬ್ಬು ಸೀಳಿತು.

ಆಮೇಲೆ ಬೇರೆಯವರ ವರ್ಕ್‌ಶಾಪಿನಲ್ಲಿ ಕೂಲಿಗೆ ನಿಂತ. ದುಡಿದದ್ದರಲ್ಲಿ ಹೆಚ್ಚಿನ ಪಾಲು ಬಣ್ಣದವನಿಗೇ ಹೋಗುತ್ತಿತ್ತು. ಕೊನೆಗೊಂದು ದಿನ ಯಾರದೋ ಗೇಟಿನ ಮೇಲೇ ಕವುಚಿ ಬಿದ್ದು ಸತ್ತ.

*

ಅಣ್ಣ ತನ್ನ ಮೂಲೆಯನ್ನು ಚಿಕ್ಕಪ್ಪನ ಹೆಗಲಿಗೆ ದಾಟಿಸಿ ಮುನ್ನುಗ್ಗಿದ. ಮೊದಲ ಗುದ್ದಿಗೇ ಬಣ್ಣದವನ ತುಟಿ ಹರಿಯಿತು, ಎರಡನೆಯದಕ್ಕೆ ನೆಲಕ್ಕುರುಳಿದ.

“ವರ್ಕ್‌ಶಾಪು ತಿಂದೆ, ಅಪ್ಪನ್ನ ತಿಂದೆ. ಇನ್ನೂ ಹೊಟ್ಟೆ ತುಂಬ್ಲಿಲ್ವೇನೋ?”

“ಕಾಲು ಕೊಟ್ಟು ತಿಂದೆ ಕಣೋ! ನಿಂದೂ ಒಂದು ಕೊಟ್ಟು ನೋಡು!”

ಅಣ್ಣ ಬೂಟುಗಾಲೆತ್ತಿದ. ಗುರಿ ಉಳಿದಿದ್ದ ಆ ಒಂದು ಮೊಣಕಾಲಿಗೇ. ಮಗಳು ನೆಲಕ್ಕೆ ಬಿದ್ದಿದ್ದ ಊರುಗೋಲನ್ನು ಎರಡೂ ಕೈಯಲ್ಲಿ ಎತ್ತಿ ಅಣ್ಣನ ಮಂಡಿಗೆ ಬೀಸಿದಳು. ಅವನು ಬಾಯಿ ಬಿಟ್ಟು ಕುಸಿದ.

“ನಿನಗೇನು ಬಂತೇ ದೊಡ್ಡರೋಗ!”

“ಆ ಸದ್ದು ನೀನು ಕೇಳಿಲ್ಲ. ನಾನು ಕೇಳಿದೀನಿ.”

ಅವಳು ಬಣ್ಣದವನ ಕಡೆ ತಿರುಗಿ ಹೇಳಿದಳು: “ಅಪ್ಪನ ಹೆಸರಲ್ಲಿ ಏನುಳಿದಿದ್ಯೋ ಅದು ನಿಮಗೇ. ಕಾನೂನೇ ಹಾಗಿದೆ. ನಮ್ಮ ದುಡಿಮೆ ಮಾತ್ರ ಕೇಳೋ ಹಾಗಿಲ್ಲ.”

“ಏನುಳಿದಿದೆ?”

“ಒಂದು ಮಂಚ.”

ಬಣ್ಣದವನು ಬಾಯಲ್ಲಿ ತುಂಬಿದ್ದ ರಕ್ತ ಉಗುಳಿದ. ಚಿಕ್ಕಪ್ಪನ ಮಂಡಿಗಳು ಭಾರಕ್ಕೆ ಬಾಗುತ್ತಿದ್ದವು. ಅವಳು ಊರುಗೋಲನ್ನು ಬಣ್ಣದವನ ಪಕ್ಕ ಇಟ್ಟು ಹೋಗಿ ಚಿಕ್ಕಪ್ಪನ ಬದಲು ಆ ಮೂಲೆಗೆ ತಾನೇ ಹೆಗಲು ಕೊಟ್ಟಳು.

ಪೆಟ್ಟಿಗೆ ಮುಂದೆ ಸಾಗಿತು. ಗಲ್ಲಿಯ ಕೊನೆಯಲ್ಲಿ ತಿರುಗಿ ನೋಡಿದಾಗ ಬಣ್ಣದವನು ಸತ್ತವನನ್ನು ಏಕವಚನದಲ್ಲಿ ಬೈಯುತ್ತಲೇ ಹಿಂಬಾಲಿಸಿ ಬರುತ್ತಿದ್ದ. ಪಕ್ಕದಲ್ಲೇ ಅಣ್ಣ, ಗೋಡೆ ಹಿಡಿದು ಕುಂಟುತ್ತಾ. ಗಲ್ಲಿ ಇಕ್ಕಟ್ಟು, ಹೆಜ್ಜೆಗೊಮ್ಮೆ ಇಬ್ಬರ ಭುಜವೂ ತಾಗುತ್ತಿತ್ತು.